ಹೆಡ್ ಆಫೀಸಿನ ಖರ್ಚು, ಲಕ್ಷ್ಮೇಶ್ವರದ ಪಾಲು

ಲೆಕ್ಕ ಬರೆಯುವವರ ಟೇಬಲ್ಲಿನ ಮೇಲೆ ನಗು ಹುಟ್ಟುವುದಿಲ್ಲ ಅನ್ನುವವರು ನಮ್ಮ ರೊಟ್ಟಿ ಕೇಂದ್ರಕ್ಕೆ ಬಂದವರಲ್ಲ. ನಮ್ಮಲ್ಲಿ ತಿಂಗಳು ಮುಗಿಯಿತೆಂದರೆ ನಗುವಂಥದ್ದೊಂದು ಆಗದೆ ಇರುವುದಿಲ್ಲ. ಆದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನನ್ನ ನಗು ಮಾತ್ರ ಅರ್ಧಕ್ಕೇ ನಿಂತುಬಿಡುತ್ತದೆ. ಯಾಕೆಂದರೆ ಏನೇ ಆಗಲಿ, ಕೊನೆಗೆ ಒಳ್ಳೆಯ ಹೆಸರು ಬರುವುದು ಲಕ್ಷ್ಮೇಶ್ವರದಾಕೆಗೆ.

ಮುಚ್ಚಿಟ್ಟು ಮಾಡುವುದೇನಿದೆ, ನನಗೆ ಆಕೆಯನ್ನು ಕಂಡರೆ ಹೊಟ್ಟೆಕಿಚ್ಚು. ಆಕೆ ಕೆಟ್ಟವಳಾಗಿದ್ದರೆ ನಾನು ಇಷ್ಟು ಉರಿಯುತ್ತಿರಲಿಲ್ಲ. ಆಕೆ ಯಾವಾಗಲೂ ನಗುತ್ತಾಳೆ, ಎಲ್ಲರಿಗೂ ‘ರೀ’ ಹಚ್ಚಿ ಮಾತಾಡುತ್ತಾಳೆ, ಬೈದರೂ ‘ಆತ್ರಿ’ ಅನ್ನುತ್ತಾಳೆ. ಇಂಥವರ ಜೊತೆ ಜಗಳ ತೆಗೆಯುವುದಾದರೂ ಹೇಗೆ?

ನಮ್ಮದು ಖಡಕ್ ರೊಟ್ಟಿಯ ವ್ಯಾಪಾರ. ಬೆಟಗೇರಿಯಲ್ಲಿ ಹೆಡ್ ಆಫೀಸು. ಹೆಡ್ ಆಫೀಸೆಂದರೆ ಮಾಲಕರ ಮನೆಯ ಪಡಸಾಲೆ. ಹಿತ್ತಲಿನ ಶೆಡ್ಡಿನಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕೂತು ರೊಟ್ಟಿ ಬಡಿಯುತ್ತಾರೆ, ಪಡಸಾಲೆಯಲ್ಲಿ ನಾನು ಲೆಕ್ಕ ಬಡಿಯುತ್ತೇನೆ. ಮಾಲಕರೂ ಹೆಣ್ಣುಮಗಳೇ, ಎಲ್ಲರ ಬಾಯಲ್ಲಿ ‘ಅವ್ವಾರು’. ಒಂದೇ ಒಲೆಯಿಂದ ಶುರುಮಾಡಿ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಿ ಅಂಗಡಿ ತೆರೆದವರು. ಲಕ್ಷ್ಮೇಶ್ವರದ ಅಂಗಡಿಯನ್ನು ನಾನು ಹೇಳಿದ ಆ ನಗುಮುಖದಾಕೆ ನೋಡಿಕೊಳ್ಳುತ್ತಾಳೆ. ಶಿರಹಟ್ಟಿಯದನ್ನು ಒಬ್ಬ ಹಿರಿಯ ಹೆಣ್ಣುಮಗಳು, ಮುಂಡರಗಿಯದನ್ನು ಒಬ್ಬ ನಿವೃತ್ತ ಬಸ್ ಕಂಡಕ್ಟರು.

ಈ ವರ್ಷ ಅವ್ವಾರ ಮಂಡಿ ಕೈಕೊಟ್ಟಿತು. ಅಂಗಡಿಯಿಂದ ಅಂಗಡಿಗೆ ಓಡಾಡುವುದು ಆಗದು ಎಂದು ಗೊತ್ತಾದ ದಿನ ಎಲ್ಲರೆದುರು ಹೇಳಿದರು:

“ದೀಪಾವಳಿ ಲಕ್ಷ್ಮೀ ಪೂಜಾಕ್ಕ ಒಬ್ಬರನ್ನ ಎಲ್ಲಾ ಅಂಗಡಿ ಮ್ಯಾಲ ವ್ಯವಸ್ಥಾಪಕಿ ಮಾಡತೀನಿ. ನನ್ನ ಬಾಜೂಕ ಕುಂಡ್ರಸತೀನಿ. ಯಾರು ಅಂತ ಈಗ ಹೇಳೂದಿಲ್ಲ, ಲೆಕ್ಕ ನೋಡಿ ಹೇಳತೀನಿ.”

ಲೆಕ್ಕ ಅಂದಮೇಲೆ ನಾನೇ ಅಲ್ಲವೇ? ಹಾಗಂತ ನಾನು ಅಂದುಕೊಂಡೆ. ಉಳಿದವರೆಲ್ಲ ಲಕ್ಷ್ಮೇಶ್ವರದಾಕೆಯೇ ಎಂದುಕೊಂಡರು. ಅಲ್ಲಿಂದ ಶುರುವಾಯಿತು.

ಮಲಗಿಸಿದ ಗಿಡ

ಲೆಕ್ಕ ನೋಡಬೇಕೆಂದರೆ ಯಾವ ಅಂಗಡಿ ಎಷ್ಟು ಗಳಿಸಿತು, ಯಾವುದರ ತಲೆಗೆ ಎಷ್ಟು ಖರ್ಚು ಬಿತ್ತು ಎಂದು ಬೇರೆ ಬೇರೆಯಾಗಿ ತಿಳಿಯಬೇಕು. ಅದಕ್ಕಾಗಿ ಹುಬ್ಬಳ್ಳಿಯಿಂದ ಒಬ್ಬ ಸಾಫ್ಟ್‌ವೇರಿನವನನ್ನು ಕರೆಸಿದರು. ಅವನು ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿ ಬಿಳಿ ಹಲಗೆಯ ಮೇಲೆ ಒಂದು ಗಿಡ ಬರೆದ. ಬೇರು ಮೇಲೆ, ಟೊಂಗೆ ಕೆಳಗೆ. ಮೇಲೆ ಅವ್ವಾರು. ಅವರ ಕೆಳಗೆ ಹೆಡ್ ಆಫೀಸು, ಲಕ್ಷ್ಮೇಶ್ವರ, ಮುಂಡರಗಿ. ಲಕ್ಷ್ಮೇಶ್ವರದ ಕೆಳಗೆ ಶಿರಹಟ್ಟಿ.

“ಕೆಳಗಿದ್ದವರ ವ್ಯಾಪಾರ ಎಲ್ಲಾ ಮ್ಯಾಲಿನವರ ಹೆಸರಿನಾಗ ಕೂಡತೈತ್ರಿ,” ಎಂದು ವಿವರಿಸಿದ. “ಮ್ಯಾಲಿನವರ ಖರ್ಚು ಕೆಳಗಿನವರಿಗೆ ಹಂಚಿಕಿ ಆಗತೈತ್ರಿ. ಅಷ್ಟ.”

ಯಾರೂ ಕೂಡಿಕೆಯನ್ನೂ ಕೇಳಲಿಲ್ಲ, ಹಂಚಿಕೆಯನ್ನೂ ಕೇಳಲಿಲ್ಲ. ಎಲ್ಲರ ಕಣ್ಣೂ ಯಾರ ಹೆಸರು ಯಾರ ಕೆಳಗಿದೆ ಎಂಬುದರ ಮೇಲೆ. ನನಗಂತೂ ಹೆಡ್ ಆಫೀಸಿನ ಸಾಲಿನಲ್ಲೇ ಲಕ್ಷ್ಮೇಶ್ವರವನ್ನು ಕಂಡು ಮೈ ಉರಿಯಿತು. ಆದರೆ ನನಗಿಂತ ಮೊದಲು ಶಿರಹಟ್ಟಿಯ ಹಿರಿಯಾಕೆ ಎದ್ದರು.

“ಏ ತಮ್ಮಾ, ಮೊದಲ ಅಂಗಡಿ ತಗದಾಕಿ ನಾನು. ನಾನು ಹಿರೇ ಸೊಸಿ ಇದ್ದಂಗ. ನನ್ನ ಈಕಿ ಕೆಳಗ ಯಾಕ ಬರದೀ?”

“ರೊಟ್ಟಿ ಗಾಡಿ ಮೊದಲ ಲಕ್ಷ್ಮೇಶ್ವರಕ್ಕ ಹೋಗಿ ಆಮ್ಯಾಲ ಶಿರಹಟ್ಟಿಗೆ ಬರತೈತಲ್ರಿ, ಅದಕ್ಕ.”

“ಗಾಡಿ ಅದಕ್ಕಿಂತ ಮೊದಲ ದಾರ್ಯಾಗಿನ ಮುಳಗುಂದಕ್ಕ ಹೋಗತೈತಿ. ಹಂಗಾರ ಮುಳಗುಂದಾನ ನಮ್ಮೆಲ್ಲಾರ ಮ್ಯಾಲ ಕುಂಡ್ರಸು!”

ಹುಡುಗ ಒರೆಸಿದ. ಶಿರಹಟ್ಟಿಯನ್ನೂ ಮೇಲಿನ ಸಾಲಿಗೆ ತಂದ. ಆಗ ಸಾಲಿನಲ್ಲಿ ಮೊದಲು ಯಾರು ಎಂಬ ಪ್ರಶ್ನೆ ಎದ್ದಿತು. ಅವ್ವಾರು ನ್ಯಾಯ ಹೇಳಿದರು: “ಗಿಡ ನಿಂದ್ರಸಿದ್ದಕ್ಕ ಇಷ್ಟೆಲ್ಲಾ ಜಗಳ. ಮಲಗಸು ಅದನ್ನ.” ಅವನು ಗಿಡವನ್ನು ಅಡ್ಡ ಮಲಗಿಸಿ ಬರೆದ. ಈಗ ಅಂಗಡಿಗಳ ಹೆಸರು ಒಂದರ ಕೆಳಗೊಂದು ಬಂದು ಮೊದಲಿಗಿಂತ ಕೆಟ್ಟಾಯಿತು. ಮುಂಡರಗಿಯವರ ಹೆಸರು ಎಲ್ಲರಿಗಿಂತ ಕೆಳಗೆ ಬಿದ್ದು, ನೆಲದ ಮೇಲೆ ಕೂತಿದ್ದ ಅವರು ಕುರ್ಚಿ ಬೇಕೆಂದು ಹಟ ಹಿಡಿದರು.

ಈ ಗದ್ದಲದಲ್ಲಿ ಲಕ್ಷ್ಮೇಶ್ವರದಾಕೆ ಮೆಲ್ಲಗೆ ಹೇಳಿದಳು: “ನನ್ನ ಹೆಸರು ಎಲ್ಲಿ ಜಾಗ ಉಳಿತೈತಿ ಅಲ್ಲೆ ಬರೀರಿ ತಮ್ಮಾ.”

“ನೋಡ್ರಿ, ಎಂಥಾ ಮಾತು!” ಎಂದರು ಅವ್ವಾರು. ಅದೇ ಮಾತನ್ನು ಆಡಲು ನಾನೂ ಬಾಯಿ ತೆರೆದಿದ್ದೆ, ಖರೇನೇ. ಆಕೆ ಒಂದು ಉಸಿರು ಮೊದಲು ಆಡಿಬಿಟ್ಟಳು.

ಕೊನೆಗೆ ಹುಡುಗ ನಡುವೆ ಅವ್ವಾರ ಹೆಸರು ಬರೆದು, ಸುತ್ತಲೂ ದುಂಡಗೆ ನಮ್ಮೆಲ್ಲರನ್ನೂ ಕೂಡಿಸಿದ. ಮೇಲಿಲ್ಲ, ಕೆಳಗಿಲ್ಲ, ಮೊದಲಿಲ್ಲ, ಕಡೆಗಿಲ್ಲ. ಬೆವರು ಒರೆಸಿಕೊಂಡು, “ಈಗ ಎಲ್ಲಾರೂ ಸಮ ಆತಿಲ್ರಿ?” ಎಂದ.

ಶಿರಹಟ್ಟಿಯ ಹಿರಿಯಾಕೆ ಆ ದುಂಡನ್ನು ಬಹಳ ಹೊತ್ತು ನೋಡಿದರು. “ಸಮ ಆತು ಖರೆ. ಆದ್ರ ಊಟಾ ಬಡಸೂದು ಯಾರ ಕಡಿಯಿಂದ ಶುರು?”

ಚಟ್ನಿಯ ಕೆಳಗೆ ರೊಟ್ಟಿ

ಅಂಗಡಿಗಳ ಗಿಡ ಒಂದು ದಾರಿಗೆ ಬಂತು. ದುಂಡಗಿನದು ಗೋಡೆಗೆ, ನೆಟ್ಟಗಿನದು ಕಂಪ್ಯೂಟರಿನೊಳಗೆ. ಇನ್ನು ಸಾಮಾನುಗಳ ಗಿಡ. ಯಾವುದು ದೊಡ್ಡ ಗುಂಪು, ಅದರ ಕೆಳಗೆ ಯಾವುದು ಸಣ್ಣದು ಎಂದು ಹೇಳಬೇಕು. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಎಳ್ಳು ಹಚ್ಚಿದ್ದು ಎಲ್ಲ ‘ರೊಟ್ಟಿ’ ಎಂಬ ಹೆಸರಿನ ಕೆಳಗೆ ಸುಲಭವಾಗಿ ಕೂತವು. ಶೇಂಗಾ ಚಟ್ನಿ ಬಂದಾಗ ಹುಡುಗ ಕೇಳಿದ: “ಚಟ್ನೀನ ರೊಟ್ಟಿ ಕೆಳಗ ಹಾಕಲ್ರಿ, ಬ್ಯಾರೆ ಹಾಕಲ್ರಿ?”

ಬೇರೆಯಾಗಿ ಹಾಕು ಎಂದು ನಾನು ಹೇಳುವಷ್ಟರಲ್ಲಿ ಶೆಡ್ಡಿನಿಂದ ಹಿಟ್ಟಿನ ಕೈಯಲ್ಲೇ ಬಂದ ಹಿರಿಯ ರೊಟ್ಟಿಯಾಕೆ ನಕ್ಕಳು. “ಚಟ್ನಿ ರೊಟ್ಟಿ ಕೆಳಗ ಹೆಂಗ ಹಾಕತೀಯೋ ಯಪ್ಪಾ? ತಾಟಿನಾಗ ಎಂದರ ಉಂಡೀಯಿಲ್ಲ? ಚಟ್ನಿ ಯಾವತ್ತೂ ರೊಟ್ಟಿ ಮ್ಯಾಲ.”

ಅವ್ವಾರು ತಲೆಯಾಡಿಸಿದರು. ಮಾಲಕರು ತಲೆಯಾಡಿಸಿದ ಮೇಲೆ ಹುಬ್ಬಳ್ಳಿಯವನು ಯಾಕೆ ವಾದ ಮಾಡುತ್ತಾನೆ? ಚಟ್ನಿಯನ್ನು ಮೇಲೆ ಇಟ್ಟ, ರೊಟ್ಟಿಯನ್ನೆಲ್ಲ ಅದರ ಕೆಳಗೆ ಜೋಡಿಸಿ ಗಾಡಿ ಹತ್ತಿ ಹೋದ.

ತಿಂಗಳ ಕೊನೆಗೆ ವರದಿ ಬಂತು. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಶೇಂಗಾ ಚಟ್ನಿ, ಅದರ ಮುಂದೆ ಮೂರೂ ಅಂಗಡಿಗಳ ರೊಟ್ಟಿ ವ್ಯಾಪಾರವೆಲ್ಲ ಕೂಡಿದ ಮೊತ್ತ. ಅವ್ವಾರು ಓದುವುದು ಮೇಲಿನ ಸಾಲನ್ನು ಮಾತ್ರ. ಉಳಿದದ್ದನ್ನು ಓದಲು ನಾನಿದ್ದೇನೆಂದು ಅವರ ನಂಬಿಕೆ, ಆದರೆ ನನ್ನನ್ನು ಕೇಳುವ ರೂಢಿಯಿಲ್ಲ.

“ಯಪ್ಪಾ! ಚಟ್ನಿ ಇಷ್ಟು ಹೋಗೇತಿ?” ಎಂದು ಎರಡೂ ಕೈ ಗಲ್ಲಕ್ಕೆ ಹಚ್ಚಿಕೊಂಡರು.

ಆ ಚಟ್ನಿ ಯಾರ ಕೈಗುಣ ಅಂತೀರಿ? ಲಕ್ಷ್ಮೇಶ್ವರದಾಕೆಯದು. ಬೆಳ್ಳುಳ್ಳಿ ಎಷ್ಟು, ಖಾರ ಎಷ್ಟು ಎಂದು ಅವ್ವಾರಿಗೆ ಮೊದಲು ತೋರಿಸಿಕೊಟ್ಟವಳು ಆಕೆಯೇ. ಅವತ್ತೇ ಆಕೆಯನ್ನು ಕರೆಸಿ, ಉಡಿ ತುಂಬಿ, ಒಂದು ಇಳಕಲ್ ಸೀರೆ ಕೊಟ್ಟರು. ಕೆಂಪು ಸೆರಗಿನದು. ಆ ಸೀರೆಯನ್ನು ಅಂಗಡಿಯಲ್ಲಿ ಆರಿಸಿದವಳು ನಾನು. ಯಾರಿಗೆ ಅಂತ ಗೊತ್ತಿದ್ದರೆ ಬೂದಿ ಬಣ್ಣದ್ದು ಆರಿಸುತ್ತಿದ್ದೆ.

ನನಗೆ ತಡೆಯಲಾಗಲಿಲ್ಲ. “ಅವ್ವಾರ, ಅದು ಚಟ್ನಿ ವ್ಯಾಪಾರ ಅಲ್ರಿ. ರೊಟ್ಟಿ ಎಲ್ಲಾ ಅದರ ಹೊಟ್ಟ್ಯಾಗ ಸೇರೇತ್ರಿ.”

“ರೊಟ್ಟಿ ಹೊಟ್ಟ್ಯಾಗ ಸೇರಲಾರದ ಎಲ್ಲಿ ಸೇರಬೇಕು? ನಿನ್ನ ಹೊಟ್ಟ್ಯಾಗ ಏನ ಸೇರೇತಿ ಅದನ್ನ ಮೊದಲ ನೋಡಿಕೋ.”

ಮಾರನೆಯ ದಿನ ಮಾರುಕಟ್ಟೆಯಿಂದ ಶೇಂಗಾ ಚೀಲಗಳು ಬಂದು ಪಡಸಾಲೆಯಲ್ಲಿ ಕೂತವು. ನನ್ನ ಟೇಬಲ್ಲು ಗೋಡೆಗೆ ಸರಿಯಿತು. ಚಟ್ನಿ ಕುಟ್ಟಿದ್ದೇ ಕುಟ್ಟಿದ್ದು, ಡಬ್ಬಿ ತುಂಬಿದ್ದೇ ತುಂಬಿದ್ದು. ಕೊಳ್ಳುವವರಿಲ್ಲ. ಕೊನೆಗೆ ಮನೆಯಲ್ಲಿ ಶೇಂಗಾ ಹೋಳಿಗೆ, ಶೇಂಗಾ ಉಂಡಿ, ಶೇಂಗಾ ಸಾರು. ಚಹಕ್ಕೊಂದು ಶೇಂಗಾ ಹಾಕಲಿಲ್ಲ, ಅಷ್ಟೇ. ಹುಬ್ಬಳ್ಳಿಯವನು ಬಂದು ಚಟ್ನಿಯನ್ನು ಕೆಳಗಿಳಿಸಿದ ಮೇಲೆ ಅವ್ವಾರಿಗೆ ನಿಜ ತಿಳಿಯಿತು.

ಇನ್ನು ಸೀರೆ ವಾಪಸು ಬರುತ್ತದೆಂದು ನಾನು ಕಾದೆ. ಬರಲಿಲ್ಲ. ಒಂದು ದಿನ ನಾನಾಗಿಯೇ ನೆನಪು ಮಾಡಿದೆ: “ಅವ್ವಾರ, ಆ ಸೀರಿ ಖರ್ಚ ಯಾವುದಕ್ಕ ಹಾಕಲ್ರಿ?”

ಅವ್ವಾರು ಶೇಂಗಾ ಅಗಿಯುತ್ತಲೇ ಹೇಳಿದರು: “ಚಟ್ನಿ ಲಾಭದಾಗ ಹಾಕು.”

ಮುಂಡರಗಿಯ ಟೊಂಗೆಗಳು

ಹೊಟ್ಟೆಕಿಚ್ಚು ನನಗೊಬ್ಬಳಿಗೇ ಇದ್ದದ್ದಲ್ಲ ಎಂಬುದು ಮುಂಡರಗಿಯ ಕಂಡಕ್ಟರ್ ಸಾಹೇಬರಿಂದ ಗೊತ್ತಾಯಿತು. ಲಕ್ಷ್ಮೇಶ್ವರದಾಕೆ ಬಸ್ ಸ್ಟ್ಯಾಂಡಿನಲ್ಲಿ ಒಂದು, ಸಂತೆ ಬಯಲಲ್ಲಿ ಒಂದು ಸಣ್ಣ ಮಳಿಗೆ ಹಾಕಿದ್ದಳು. ಹಾಗಾಗಿ ಗಿಡದಲ್ಲಿ ಆಕೆಯ ಹೆಸರಿನ ಕೆಳಗೆ ಎರಡು ಟೊಂಗೆ. ಮುಂಡರಗಿಯ ಕೆಳಗೆ ಏನೂ ಇಲ್ಲ.

“ಆಕಿ ಕೆಳಗ ಎರಡು ಅದಾವ. ನಾ ನೋಡ್ರಿ, ಎಲಿ ಉದುರಿದ ಗಿಡದಂಗ ಬೋಳ ಕಾಣತೇನಿ,” ಎಂದು ನನ್ನ ಮುಂದೆ ಬಂದು ಕೂತರು. “ನನಗೂ ಒಂದೀಟು ಟೊಂಗಿ ಹಚ್ಚಿಕೊಡ್ರಿ ಅಕ್ಕಾರ.”

ಆಕೆಯ ಬೆಳಕು ಕಡಿಮೆ ಕಾಣುವುದಾದರೆ ನಾನು ಯಾರಿಗೆ ಬೇಕಾದರೂ ಟೊಂಗೆ ಹಚ್ಚುತ್ತಿದ್ದೆ. “ಎಲ್ಲೆಲ್ಲಿ ಮಾರತೀರಿ ಹೇಳ್ರಿ,” ಎಂದೆ. ಕೊರ್ಲಹಳ್ಳಿ ಅಂದರು, ಹಚ್ಚಿದೆ. ಹಿರೇವಡ್ಡಟ್ಟಿ ಅಂದರು, ಹಚ್ಚಿದೆ. ಡಂಬಳ ಅಂದರು, ಅದೂ ಆಯಿತು. ಆಮೇಲೆ ಅವರಿಗೆ ರುಚಿ ಹತ್ತಿತು. ಬಸ್ ಸ್ಟ್ಯಾಂಡಿನ ಬಲಗಡೆ, ಬಸ್ ಸ್ಟ್ಯಾಂಡಿನ ಎಡಗಡೆ, ಡಿಪೋದ ಹಳೆಯ ಗೆಳೆಯರು. ಕೊನೆಗೆ ಸ್ವಲ್ಪ ನಾಚಿಕೊಂಡು, “ಬೀಗರ ಮನಿ ಅಂತ ಒಂದು ಹಾಕ್ರಿ. ಮಗಳ ಮನಿಗೆ ವಾರಾ ವಾರಾ ಒಂದು ಕಟ್ಟು ಹೋಗತಾವ,” ಎಂದರು. ಹಾಕಿದೆ. ಅದರ ಫೋಟೋ ತೆಗೆದುಕೊಂಡು ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ತೋರಿಸುತ್ತಾ ಮುಂಡರಗಿ ಮುಟ್ಟಿದರಂತೆ. “ಇವೆಲ್ಲಾ ನನ್ನ ಕೆಳಗ,” ಅಂತ.

ನಾವಿಬ್ಬರೂ ಮರೆತ ಒಂದು ಮಾತಿತ್ತು. ಹೆಡ್ ಆಫೀಸಿನ ಖರ್ಚನ್ನು, ಅಂದರೆ ನನ್ನ ಪಗಾರ, ಕರೆಂಟು, ಚಹ, ಹುಬ್ಬಳ್ಳಿಯವನ ಓಡಾಟ, ಇದೆಲ್ಲವನ್ನೂ ಆ ಹುಡುಗ ಗಿಡದ ತುದಿಯ ಟೊಂಗೆಗಳಿಗೆ ಸಮನಾಗಿ ಹಂಚಲು ಹೇಳಿಟ್ಟಿದ್ದ. ಒಂದು ಟೊಂಗೆಗೆ ಒಂದು ಪಾಲು. ತಿಂಗಳ ಕೊನೆಗೆ ನೋಡಿದರೆ ಸುಮಾರು ಮುಕ್ಕಾಲು ಖರ್ಚು ಮುಂಡರಗಿಯ ತಲೆ ಮೇಲೆ. ಹಿರೇವಡ್ಡಟ್ಟಿಯ ಹೆಸರಲ್ಲಿ ಇದ್ದದ್ದು ಒಬ್ಬ ಅಜ್ಜ. ಆತ ಯಾವಾಗಲಾದರೊಮ್ಮೆ ಒಂದು ಕಟ್ಟು ಸಜ್ಜೆ ರೊಟ್ಟಿ ಒಯ್ಯುತ್ತಿದ್ದ. ಅದರ ಮುಂದೆ ನಮ್ಮ ಪಡಸಾಲೆಯ ಕರೆಂಟು ಬಿಲ್ಲು ಬಂದು ಕೂತಿತ್ತು.

ಕಂಡಕ್ಟರ್ ಸಾಹೇಬರು ಮೊದಲ ಬಸ್ಸಿಗೇ ಬಂದರು. ವರದಿಯನ್ನು ನನ್ನ ಟೇಬಲ್ಲಿನ ಮೇಲೆ ಬಡಿದರು.

“ಅಕ್ಕಾರ, ಬೀಗರ ಮ್ಯಾಲೂ ಖರ್ಚ ಹಾಕೀರಲ್ರಿ! ಅವರಿಗೆ ಗೊತ್ತಾದ್ರ ಮಗಳನ್ನ ತವರಿಗೆ ಕಳಸತಾರ!”

“ನೀವ ಹಚ್ಚಂದ್ರಿ, ನಾ ಹಚ್ಚೀನಿ.”

“ಹಚ್ಚಿದ್ದೆಲ್ಲಾ ತಗೀರಿ ಈಗ.”

“ಯಾವುದನ್ನ ಉಳಸಲಿ? ಕೊರ್ಲಹಳ್ಳಿ ಛಲೋ ಐತಲ್ಲ?”

ಅವರು ಎದ್ದು ನಿಂತು, ಕೈ ಬೀಸಿ, ಇಷ್ಟು ವರ್ಷ ನೌಕರಿಯಲ್ಲಿ ಕೂಗಿದ ಹಾಗೇ ಕೂಗಿದರು: “ಯಾರೂ ಬ್ಯಾಡ್ರಿ! ಎಲ್ಲಾರೂ ಇಳೀರಿ! ಗಾಡಿ ಖಾಲೀನ ಹೋಗಲಿ!”

ಶಿರಹಟ್ಟಿಯ ಜಾಣತನ

ಕಂಡಕ್ಟರ್ ಸಾಹೇಬರಿಗೆ ಆದ ಪಾಡು ನೋಡಿ ನಗು ಬಂತು ಖರೆ. ಆದರೆ ಅದೇ ವರದಿಯಲ್ಲಿ ಇನ್ನೊಂದು ಕಂಡು ನನ್ನ ಊಟ ಸೇರದಾಯಿತು. ಮುಂಡರಗಿಯವರು ಎಲ್ಲ ಖರ್ಚು ಹೊತ್ತದ್ದರಿಂದ ಲಕ್ಷ್ಮೇಶ್ವರದ ಲಾಭ ಹುಣ್ಣಿಮೆ ಚಂದ್ರನಂತೆ ಹೊಳೆಯುತ್ತಿತ್ತು. ಸಹಾಯ ಮಾಡಲು ಹೋದವಳು ನಾನು, ಅದು ಆದದ್ದು ಆಕೆಗೆ!

ಅವ್ವಾರ ಹತ್ತಿರ ಹೋಗಿ ಬಹಳ ನ್ಯಾಯವಂತಳ ಹಾಗೆ ಹೇಳಿದೆ: “ಸಮಪಾಲು ಸರಿಯಲ್ರಿ. ಯಾರು ಹೆಚ್ಚು ಮಾರತಾರ ಅವರಿಗೆ ಹೆಚ್ಚು ಖರ್ಚು ಹಾಕಬೇಕ್ರಿ.”

“ಅದೂ ಖರೇನ. ಕಸುವು ಇದ್ದಾಕಿ ದೊಡ್ಡ ಕೊಡಾ ಹೊರಲಿ,” ಎಂದರು ಅವ್ವಾರು.

ಹುಬ್ಬಳ್ಳಿಗೆ ಫೋನು ಮಾಡಿ ಅವತ್ತೇ ಹಂಚಿಕೆ ಬದಲಿಸಿದೆ. ಹೆಚ್ಚು ಮಾರುವವಳು ಯಾರೆಂದು ನಿಮಗೂ ಗೊತ್ತು, ನನಗೂ ಗೊತ್ತು. ಮುಂದಿನ ತಿಂಗಳು ನನ್ನ ಪಗಾರದ ಅರ್ಧಕ್ಕಿಂತ ಹೆಚ್ಚು ಆಕೆಯ ತಲೆಗೆ ಬಿತ್ತು. ಲಾಭ ತೆಳ್ಳಗಾಯಿತು. ಎಷ್ಟೋ ದಿನದ ಮೇಲೆ ನಾನು ಎರಡು ರೊಟ್ಟಿ ಹೆಚ್ಚು ಉಂಡೆ.

ಆದರೆ ಅದರ ಮುಂದಿನ ತಿಂಗಳು ಲಕ್ಷ್ಮೇಶ್ವರದ ವ್ಯಾಪಾರ ಇನ್ನೂ ಏರಿತ್ತು. ಶಿರಹಟ್ಟಿಯದು ಪಾತಾಳಕ್ಕೆ ಇಳಿದಿತ್ತು. ಏನಾಯಿತೆಂದು ನೋಡಿಕೊಂಡು ಬಾ ಎಂದು ಅವ್ವಾರು ನನ್ನನ್ನು ಕಳಿಸಿದರು. ಕೆಂಪು ಬಸ್ಸು ಹಿಡಿದು ಶಿರಹಟ್ಟಿಗೆ ಹೋದೆ.

ಅಂಗಡಿ ತೆರೆದಿತ್ತು. ಹಿರಿಯಾಕೆ ಹಣದ ಗಲ್ಲೆಯ ಮುಂದೆ ಕಾಲು ಚಾಚಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಬೆನ್ನ ಹಿಂದೆ ಮಾಡಿನ ತನಕ ರೊಟ್ಟಿ ಕಟ್ಟು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಒಬ್ಬ ಯಜಮಾನರು ಬಂದು, ಸೀಮಂತ ಐತಿ, ನೂರು ರೊಟ್ಟಿ ಬೇಕು ಎಂದರು.

“ರೊಟ್ಟಿ ಇಲ್ರಿ. ಲಕ್ಷ್ಮೇಶ್ವರಕ್ಕ ಹೋಗ್ರಿ, ಅಲ್ಲೆ ಛಲೋ ಸಿಗತಾವ.”

ಅವರು ಹಿಂದಿನ ಕಟ್ಟುಗಳನ್ನು ನೋಡಿದರು, ಹಿರಿಯಾಕೆಯನ್ನು ನೋಡಿದರು, ಬಸ್ ಸ್ಟ್ಯಾಂಡಿನ ಕಡೆ ನಡೆದರು.

“ಯಾಕ್ರಿ ಅಮ್ಮಾರ? ಬೆನ್ನ ಹಿಂದ ಇಷ್ಟು ಬಿದ್ದಾವಲ್ಲ?”

“ಮಾರಿದ್ರ ನಿನ್ನ ಪಗಾರ ನನ್ನ ತಲಿಗೆ ಬೀಳತೈತಿ ಅಂತ ನೀನ ಬರದ ಕಳಸೀದಿ. ಮಾರಲಿಲ್ಲಂದ್ರ ಏನೂ ಬೀಳೂದಿಲ್ಲ. ನಾನೂ ನಾಕು ಅಕ್ಷರ ಕಲತಾಕಿ, ಗೊತ್ತಾಗತೈತಿ.”

“ಹಂಗಂತ ಬಂದ ಗಿರಾಕಿನೆಲ್ಲಾ ಆಕಿ ಕಡೆ ಕಳಸೂದೇನ್ರಿ?”

“ಮತ್ತ? ಹೊರಲಿ ಆಕೀನ. ಲೆಕ್ಕದಾಗ ನನ್ನಕಿಂತ ಮ್ಯಾಲ ಕುಂತಾಳಲ್ಲ.”

ನನಗೆ ತಲೆ ಚಿಟ್ಟು ಹಿಡಿಯಿತು. ಆಕೆಯನ್ನು ತಗ್ಗಿಸಲು ನಾನು ಮಾಡಿದ ಹಂಚಿಕೆ ಆಕೆಗೆ ಶಿರಹಟ್ಟಿಯ ಗಿರಾಕಿಗಳನ್ನು ಬಸ್ಸು ಹತ್ತಿಸಿ ಕಳಿಸುತ್ತಿತ್ತು. ಸಿಟ್ಟಿನಿಂದ ಕೇಳಿದೆ: “ಮಾರೂದ ಇಲ್ಲಂದ್ರ ದಿನಾ ಬಂದು ಅಂಗಡಿ ಯಾಕ ತಗೀತೀರಿ?”

ಹಿರಿಯಾಕೆ ಎಲೆಗೆ ಸುಣ್ಣ ಹಚ್ಚುತ್ತಾ ಶಾಂತವಾಗಿ ಹೇಳಿದರು: “ಮನ್ಯಾಗ ಸೊಸಿ ಇರತಾಳಲ್ಲ.”

ಬೆನ್ನಿಗೆ ಆಸರೆ

ದೀಪಾವಳಿ ಹತ್ತಿರ ಬಂತು. ಅವ್ವಾರು ನನ್ನನ್ನು ಕರೆದು, “ಹೊಸಾ ವ್ಯವಸ್ಥಾಪಕಿಗೆ ಒಂದು ಛಲೋ ಕುರ್ಚಿ ತಗೊಂಡ ಬಾ. ನಾ ಮಂಚದ ಮ್ಯಾಲ ಕುಂಡ್ರತೀನಿ, ಬಾಜೂಕ ಅದು ಇರಲಿ,” ಎಂದರು. ನನ್ನನ್ನೇ ಕಳಿಸುತ್ತಾರೆಂದರೆ ನನಗೇ ಅಲ್ಲದೆ ಇನ್ಯಾರಿಗೆ?

ಗದಗಿನ ಸ್ಟೇಷನ್ ರಸ್ತೆಯ ಅಂಗಡಿಗೆ ಹೋದೆ. ಮೊದಲು ಅಗ್ಗದ್ದು ನೋಡಿದೆ. ಆಮೇಲೆ ನೆನಪಾಯಿತು, ಕುರ್ಚಿಯೂ ಹೆಡ್ ಆಫೀಸಿನ ಖರ್ಚೇ, ಹಂಚಿಕೆಯಲ್ಲಿ ಅದರ ದೊಡ್ಡ ಪಾಲು ಬೀಳುವುದು ಲಕ್ಷ್ಮೇಶ್ವರಕ್ಕೇ. ಆಮೇಲೆ ಅಗ್ಗದ್ದನ್ನು ಯಾಕೆ ನೋಡುತ್ತೇನೆ? ತಿರುಗುವಂಥದ್ದು, ಹಿಂದಕ್ಕೆ ಬಾಗುವಂಥದ್ದು, ಕೈಗೆ ಆಸರೆ, ತಲೆಗೆ ಆಸರೆ ಇದ್ದದ್ದನ್ನು ಹಿಡಿದೆ.

“ಯಾರಿಗ್ರಿ?” ಎಂದು ಕೇಳಿದ ಅಂಗಡಿಯವನು.

“ನನ್ನಂಥವರಿಗೆ.”

ಅವನು ಟೇಪು ತಂದು ನನ್ನ ಬೆನ್ನು ಅಳೆದ. ನನ್ನ ನಡುವಿಗೆ ಸರಿಯಾಗಿ ಮೆತ್ತೆ ಕೂಡುವಂತೆ ಹೊಲಿಸಿಕೊಟ್ಟ. ಅದಕ್ಕೆ ಬೇರೆ ಚಾರ್ಜು. ಆಗಲಿ ಎಂದೆ. ಎಷ್ಟು ಏರಿದರೆ ಅಷ್ಟು ಒಳ್ಳೆಯದು.

ಲಕ್ಷ್ಮೀ ಪೂಜೆಯ ಸಂಜೆ ಎಲ್ಲರೂ ಬಂದರು. ಲಕ್ಷ್ಮೇಶ್ವರದಾಕೆ ಅದೇ ಕೆಂಪು ಸೆರಗಿನ ಸೀರೆ ಉಟ್ಟಿದ್ದಳು. ಕುರ್ಚಿಗೆ ಅರಿಷಿಣ ಕುಂಕುಮ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿದ್ದರು. ಆರತಿ ಆಯಿತು. ಅವ್ವಾರು ವರದಿ ಕೈಗೆ ತೆಗೆದುಕೊಂಡರು. ಈ ಸಲ ಎಲ್ಲ ಸಾಲನ್ನೂ ಓದಿದರು, ನನ್ನ ಪುಣ್ಯ. ಓದಿ ಹುಬ್ಬು ಗಂಟಿಕ್ಕಿದರು.

“ಲಕ್ಷ್ಮೇಶ್ವರ ಎಲ್ಲಾರಕಿಂತ ಹೆಚ್ಚು ಮಾರೇತಿ. ಲಾಭ ಮುಂಡರಗಿಕಿಂತ ಕಡಿಮಿ ಐತಿ. ಯಾಕವ್ವಾ? ರೊಕ್ಕ ಎಲ್ಲಿ ಹೋತು?”

ನಾನು ನೆಲ ನೋಡುತ್ತಿದ್ದೆ. ನಗು ಬಂದರೆ ಕೆಡುತ್ತದೆ ಎಂದು ಕೆನ್ನೆಯನ್ನು ಒಳಗಿನಿಂದ ಕಚ್ಚಿ ಹಿಡಿದಿದ್ದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಆಕೆಗೆ ಹೇಳಲು ಮಾತಿಲ್ಲ, ಅಬ್ಬಾ, ಆ ಸುಖ!

ಆಕೆ ಎದ್ದು ಬಂದು, ವರದಿ ಇಸಿದುಕೊಂಡು, ಕನ್ನಡಕ ಏರಿಸಿ ಒಂದೊಂದೇ ಸಾಲು ಗಟ್ಟಿಯಾಗಿ ಓದಿದಳು. “ಅಕ್ಕಾರ ಪಗಾರ, ಲಕ್ಷ್ಮೇಶ್ವರದ ಪಾಲು. ಕರೆಂಟು, ಲಕ್ಷ್ಮೇಶ್ವರದ ಪಾಲು. ಚಾ, ಲಕ್ಷ್ಮೇಶ್ವರದ ಪಾಲು. ಕುರ್ಚಿ...” ಅಲ್ಲಿ ನಿಂತಳು. ತಲೆ ಎತ್ತಿ ಮಾಲೆ ಹಾಕಿದ ಕುರ್ಚಿಯನ್ನು ನೋಡಿದಳು. ಮುಖ ಅರಳಿತು.

“ಅವ್ವಾರ, ಈ ಕುರ್ಚಿ ನಾನ ಕೊಡಸೀನಂತಲ್ರಿ! ನನಗ ಗೊತ್ತ ಇರಲಿಲ್ಲ ನೋಡ್ರಿ.”

ಎಲ್ಲರೂ ನನ್ನ ಕಡೆ ತಿರುಗಿದರು. “ಅದು... ಹಂಚಿಕಿ ಹಂಗೈತ್ರಿ,” ಎಂದೆ.

“ಭಾಳ ಛಲೋ ಆತು ಬಿಡ್ರಿ,” ಎಂದಳು ಆಕೆ. “ಅಕ್ಕಾರು ಇಷ್ಟು ವರ್ಷ ಆ ಕಟ್ಟಿಗಿ ಕುರ್ಚಿ ಮ್ಯಾಲ ಕುಂತು ಬೆನ್ನು ನೋಯಿಸಿಕೊಂಡಾರ. ವ್ಯವಸ್ಥಾಪಕಿ ಯಾರರ ಆಗಲಿ, ಕುರ್ಚಿ ನನ್ನ ಕಡಿಯಿಂದ ಅಕ್ಕಾರಿಗಿರಲಿ. ದೀಪಾವಳಿ ಉಡುಗೊರಿ.”

ಅವ್ವಾರ ಕಣ್ಣಲ್ಲಿ ನೀರು. ಶಿರಹಟ್ಟಿಯ ಹಿರಿಯಾಕೆ ಸೆರಗು ಬಾಯಿಗೆ ಹಿಡಿದರು. ಕಂಡಕ್ಟರ್ ಸಾಹೇಬರು ಮೂಗು ಒರೆಸಿಕೊಂಡರು.

“ನೋಡ್ರಿ,” ಎಂದರು ಅವ್ವಾರು, “ಈಕಿ ಪಗಾರ ಹೊರತಾಳ, ಕರೆಂಟ ಹೊರತಾಳ, ಎಲ್ಲಾರ ಚಾ ಹೊರತಾಳ. ಯಾರಿಗೂ ಒಂದು ಮಾತು ಅಂದಿಲ್ಲ, ಮ್ಯಾಲ ನಕ್ಕೋತ ನಿಂತಾಳ. ನನ್ನ ಮನಿ ಹೊರಾಕ ಇನ್ಯಾರು ಬೇಕು? ಇವತ್ತಿನಿಂದ ಈಕೀನ ವ್ಯವಸ್ಥಾಪಕಿ.” ಆಮೇಲೆ ನನ್ನ ಕಡೆ ನೋಡಿ, “ನೀ ಯಾಕ ಮಾರಿ ಸಣ್ಣದು ಮಾಡತೀ? ಕುರ್ಚಿ ನಿನಗ ಕೊಟ್ಟಾಳಲ್ಲ, ಕುಂಡ್ರು.”

ಎಲ್ಲರೂ ಚಪ್ಪಾಳೆ ಹೊಡೆದರು. ಕೂತೆ. ಏನು ಮಾಡಲಿ?

ಈಗ ಸೋಮವಾರ ಸೋಮವಾರ ಹೊಸ ವ್ಯವಸ್ಥಾಪಕಿ ಬೆಟಗೇರಿಗೆ ಬರುತ್ತಾಳೆ. ಅವ್ವಾರ ಮಂಚದ ಮೇಲೆ, ಅವರ ಮಗ್ಗುಲಲ್ಲೇ ಕಾಲು ಮಡಚಿ ಕೂಡುತ್ತಾಳೆ. ಕುರ್ಚಿಯೇ ಬೇಡ ಆಕೆಗೆ. ನಾನು ಮೂಲೆಯ ಟೇಬಲ್ಲಿನ ಹಿಂದೆ ಆ ದೊಡ್ಡ ಕುರ್ಚಿಯಲ್ಲಿ ಮುಳುಗಿ ಕೂತಿರುತ್ತೇನೆ. ಮೇಲಿನವರು ಬಂದಾಗ ಎದ್ದು ನಿಲ್ಲಬೇಕಲ್ಲ, ಆಫೀಸಿನ ಮರ್ಯಾದೆ. ಏಳಲು ಹೋದರೆ ಕುರ್ಚಿ ಹಿಂದಕ್ಕೆ ಬಾಗುತ್ತದೆ, ಮತ್ತೆ ಹೋದರೆ ಗರ್ರನೆ ಗೋಡೆಯ ಕಡೆ ತಿರುಗುತ್ತದೆ. ನಾನು ಒದ್ದಾಡುವುದನ್ನು ನೋಡಿ ಆಕೆಯೇ ಓಡಿ ಬಂದು, ಕುರ್ಚಿಯನ್ನು ತಿರುಗಿಸಿ, ನನ್ನ ಭುಜ ಹಿಡಿದು ಮೆಲ್ಲಗೆ ಒರಗಿಸುತ್ತಾಳೆ.

“ಕುಂಡ್ರಿ ಅಕ್ಕಾರ, ಕುಂಡ್ರಿ, ಏಳಬ್ಯಾಡ್ರಿ,” ಎನ್ನುತ್ತಾಳೆ, ಅದೇ ನಗು ನಗುತ್ತಾ. “ಕುರ್ಚಿ ನಿಮಗ ಎಷ್ಟು ಚೆಂದ ಹೊಂದೈತಿ ನೋಡ್ರಿ. ಬೆನ್ನಿನ ಅಳತಿ ಕೊಟ್ಟು ಹೊಲಿಸಿದಂಗ ಐತಿ!”